ಲಲಿತಮ್ಮನ ಎರಡು ಅಂಕ

ಹಾರನಹಳ್ಳಿಯ ಅಂಗನವಾಡಿಯಲ್ಲಿ ಲಲಿತಮ್ಮ ಹನ್ನೊಂದು ವರ್ಷ ಸಹಾಯಕಿಯಾಗಿದ್ದಳು. ಮಕ್ಕಳನ್ನು ಕರೆತರುವುದು, ಉಪ್ಪಿಟ್ಟು ಬೇಯಿಸುವುದು, ಪಾತ್ರೆ ತೊಳೆಯುವುದು ಅವಳ ಕೆಲಸ. ಕಾರ್ಯಕರ್ತೆ ೧೯೯೯ರ ಜೂನ್‌ನಲ್ಲಿ ಕೆಲಸ ಬಿಡುವವರಿದ್ದರು. ಆ ಜಾಗಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಿತ್ತು. ಲಲಿತಮ್ಮನಿಗೆ ಉಳಿದಿದ್ದು ಇಂಗ್ಲಿಷ್ ಒಂದೇ. ವಯಸ್ಸಿನ ಮಿತಿ ಮುಂದಿನ ವರ್ಷಕ್ಕೆ ಮುಗಿಯುತ್ತಿತ್ತು.

ಅಕ್ಟೋಬರ್ ಪರೀಕ್ಷೆಯಲ್ಲಿ ಅವಳಿಗೆ ಮೂವತ್ತಮೂರು ಬಂತು. ಪಾಸಾಗಲು ಮೂವತ್ತೈದು ಬೇಕು. ಅರಸೀಕೆರೆಯಲ್ಲಿ ಬಿ.ಎ. ಓದುತ್ತಿದ್ದ ಪಕ್ಕದ ಮನೆಯ ಹೇಮಾಶ್ರೀ ಪ್ರಶ್ನೆಪತ್ರಿಕೆ ಹರಡಿಕೊಂಡು, ಯಾವುದಕ್ಕೆ ಏನು ಬರೆದಿರಿ ಎಂದು ಒಂದೊಂದಾಗಿ ಕೇಳಿದಳು. ಮೆಟಫರ್‌ಗೆ ಸ್ವಂತ ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಎರಡು ಅಂಕವಿತ್ತು. ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವುದೇ ಮೆಟಫರ್ ಎಂದು ಗೈಡಿನಲ್ಲಿ ಓದಿದ್ದ ಲಲಿತಮ್ಮ, ಅಕ್ಕಿ ಹೆಚ್ಚಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಬಂದಿದ್ದಳು. ಅವಳ ಮನೆಯಲ್ಲಿ ಅಕ್ಕಿ ಮುಗಿಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಡಬ್ಬ ಖಾಲಿಯಾದರೆ ಅಕ್ಕಿ ಹೆಚ್ಚಿತು, ಬಳೆ ಒಡೆದರೆ ಬಳೆ ಹೆಚ್ಚಿತು. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ.

ಹೇಮಾಶ್ರೀ ನಗಲಿಲ್ಲ. ಅದು ಅಶುಭ ಬೇಡವೆಂದು ಮಾತು ತಿರುಗಿಸುವುದು, ಮೆಟಫರ್ ಎಂದರೆ ನಮ್ಮ ರೂಪಕ, ಅದಕ್ಕೆ ಹೋಲಿಕೆ ಇರಬೇಕು ಎಂದು ಬಿಡಿಸಿ ಹೇಳಿದಳು.

"ಲಲಿತಕ್ಕ, ಒಳಗೆ 'ಥರ' ಅಂತ ಸೇರ್ಸಿ ನೋಡಿ. ಅವನ ಎದೆ ಕಲ್ಲು. ಕಲ್ಲಿನ ಥರ. ಸರಿಯಾಗಿ ಕೂತ್ಕೊಳ್ತು. ಅಕ್ಕಿ ಹೆಚ್ಚಿತು ಅಂದ್ರೆ ಯಾವುದರ ಥರ?"

ಲಲಿತಮ್ಮ ಯೋಚಿಸಿದಳು. ಯಾವುದರ ಥರವೂ ಅಲ್ಲ.

ಅಲ್ಲಿಂದ ಮೂರು ತಿಂಗಳು ಅವಳು ಕಿವಿಗೆ ಬಿದ್ದ ಮಾತನ್ನೆಲ್ಲ ಹೀಗೆ ತೂಗುತ್ತಲೇ ಇದ್ದಳು. ಅತ್ತೆ ಬಸಮ್ಮನ ಬಾಯಲ್ಲಿ ಇಂಥವು ದಿನಕ್ಕೆ ಹತ್ತಾದರೂ ಸಿಗುತ್ತಿದ್ದವು. ಒಂದು ಬೆಳಿಗ್ಗೆ, ಜಗುಲಿ ಬಿಟ್ಟು ಏಳದ ಮಗ ನಂಜಪ್ಪನನ್ನು ನೋಡಿ ಬಸಮ್ಮ ಸೊಸೆಗೆ ಹೇಳಿದಳು:

"ನಿನ್ನ ಗಂಡ ಒರಳುಕಲ್ಲು ಕಣೇ. ಇಟ್ಟ ಕಡೆಯಿಂದ ಅಲ್ಲಾಡಕಿಲ್ಲ."

ಲಲಿತಮ್ಮ ರಾಗಿ ಕೇರುವುದನ್ನು ನಿಲ್ಲಿಸಿ ಮನಸ್ಸಿನಲ್ಲೇ 'ಥರ' ಸೇರಿಸಿದಳು. ಇದು ರೂಪಕ, ಇಂಗ್ಲಿಷಿನಲ್ಲಿ ಮೆಟಫರ್ ಅಂದಳು. ತನ್ನ ಮಾತಿಗೆ ಇಂಗ್ಲಿಷಿನಲ್ಲೂ ಹೆಸರಿದೆ ಎಂದು ತಿಳಿದು ಬಸಮ್ಮನಿಗೆ ಹೆಮ್ಮೆಯಾಯಿತು, ಆಮೇಲೆ ಅನುಮಾನವೂ ಬಂತು.

"ಇದ್ನ ಪರೀಕ್ಷೇಲಿ ಬರೀಬ್ಯಾಡ ಮತ್ತೆ. ಮನೆ ಮಾನ ಹೋದಾತು."

ಬರೆಯುವುದಿಲ್ಲ ಎಂದು ಲಲಿತಮ್ಮ ಒಪ್ಪಿಕೊಂಡಳು. ಗೈಡಿನಿಂದ ಮೂರು ಉದಾಹರಣೆ ಉರು ಹೊಡೆದಳು.

ಏಪ್ರಿಲ್ ಪರೀಕ್ಷೆಯಲ್ಲೂ ಆ ಪ್ರಶ್ನೆ ಬಂದಿತ್ತು. ಸಿಂಹ, ಕಲ್ಲಿನ ಎದೆ, ಹೂವು, ಈ ಮೂರನ್ನು ಬಿಟ್ಟು ಬೇರೆ ಉದಾಹರಣೆ ಕೊಡಿ ಎಂದಿತ್ತು. ಅವಳು ಉರು ಹೊಡೆದದ್ದು ಆ ಮೂರನ್ನೇ. ಕೊನೆಯ ಗಂಟೆಗೆ ಹತ್ತು ನಿಮಿಷ ಉಳಿದಿತ್ತು. ಲಲಿತಮ್ಮನಿಗೆ ಅತ್ತೆಯ ಮಾತು ನೆನಪಾಯಿತು. ಒರಳಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ತಿಳಿಯದೆ, ನನ್ನ ಗಂಡ ರುಬ್ಬುವ ಕಲ್ಲು ಎಂದು ಬರೆದಳು.

ಫಲಿತಾಂಶ ಬಂದ ದಿನ ಹೇಮಾಶ್ರೀ ಅರಸೀಕೆರೆಯಿಂದ ಅಂಕ ಬರೆದುಕೊಂಡು ಬಂದಳು. ಸರಿಯಾಗಿ ಮೂವತ್ತೈದು.

ಅಂಗನವಾಡಿ ಅರ್ಜಿಗೆ ಸಹಿ ಹಾಕಿ ಹೊರಡುವಾಗ ಲಲಿತಮ್ಮ ಅತ್ತೆಗೆ ಹೋಗ್ಬತ್ತೀನಿ ಎಂದಳು. ಬಸಮ್ಮ ಬಾಗಿಲಿಗೆ ಬಂದು, ಆ ಹೋಲಿಕೆ ಪ್ರಶ್ನೆಗೆ ಏನು ಬರೆದೆ ಎಂದು ಕೇಳಿದಳು.

"ನಿಮ್ಮ ಮಗನ್ನೇ ಬರೆದೆ ಅತ್ತೆ."

ಬಸಮ್ಮ ಜಗುಲಿಯ ಕಡೆ ನೋಡಿದಳು. ನಂಜಪ್ಪ ಅಲ್ಲೇ ಇದ್ದ.

"ಎಷ್ಟು ಕೊಟ್ರು?"

"ಎರಡು ಕೊಟ್ಟಿರಬೇಕು. ಇಲ್ದಿದ್ರೆ ಪಾಸಾಗ್ತಿರಲಿಲ್ಲ."

ಅಷ್ಟಾದರೂ ಉಪಯೋಗಕ್ಕೆ ಬಂದನಲ್ಲ ಎಂದು ಬಸಮ್ಮ ಒಳಗೆ ಹೋದಳು.