ಎಂಟು ಪೌಂಡ್ ಇಳಿಸಿದ ಬೇಸಿಗೆ

1928ರ ಬೇಸಿಗೆಯಲ್ಲಿ ನಾನು ಉದಕಮಂಡಲದಲ್ಲಿ ಒಬ್ಬ ಟ್ರೈನರ್ ದೊರೆಯ ಲಾಯದ ಹಿರಿಯ ಸೈಸ್ ಆಗಿದ್ದೆ. ಸೈಸ್ ಎಂದರೆ ಕುದುರೆಗೆ ಮೇವಿಟ್ಟು, ಮೈ ಉಜ್ಜಿ, ಅದರ ಪಕ್ಕದಲ್ಲೇ ಮಲಗುವವನು. ನಮ್ಮದು ಗುಂಡ್ಲುಪೇಟೆ ಕಡೆಯ ಮನೆ. ಪ್ರತಿ ಏಪ್ರಿಲ್‌ನಲ್ಲಿ ಮೈಸೂರಿನಿಂದ ಕುದುರೆಗಳನ್ನು ನಡೆಸಿಕೊಂಡು ಮಸಿನಗುಡಿಗೆ ಬಂದು ಸೀಗೂರು ಘಾಟಿ ಹತ್ತುತ್ತಿದ್ದೆವು. ಮೇಲೇರಿದಂತೆ ಅವುಗಳ ಬೆವರು ಆರಿ ಮೂಗಿನಿಂದ ಆವಿ ಏಳುತ್ತಿತ್ತು. ನೀಲಗಿರಿ ಸೊಪ್ಪಿನ ವಾಸನೆ ಬಡಿದ ಕೂಡಲೇ ತಾವಾಗಿಯೇ ಹೆಜ್ಜೆ ಚುರುಕು ಮಾಡುತ್ತಿದ್ದವು. ಆ ದಾರಿಯನ್ನು ನೆನೆದರೆ ಈ ವಯಸ್ಸಿನಲ್ಲೂ ಹೊರಟುಬಿಡೋಣ ಅನ್ನಿಸುತ್ತದೆ.

ನನ್ನ ತಮ್ಮ ಮಾದ ಅದೇ ಲಾಯದಲ್ಲಿ ಬೆಳಗಿನ ಹೊತ್ತು ಕುದುರೆಗಳನ್ನು ಓಡಿಸಿ ತಾಲೀಮು ಕೊಡುತ್ತಿದ್ದ. ಮಂಜಿನೊಳಗಿಂದ ಮೊದಲು ಗೊರಸಿನ ಸದ್ದು, ಆಮೇಲೆ ಅವನ ಸಿಳ್ಳೆ, ಕೊನೆಗೆ ಅವನು ಕಾಣಿಸುತ್ತಿದ್ದ. ಆ ವರ್ಷ ದೊರೆ ಅವನಿಗೆ ಒಂದು ಕಂದು ಹೆಣ್ಣುಕುದುರೆಯನ್ನು ಪಂದ್ಯದಲ್ಲಿ ಓಡಿಸಲು ಕೊಡುವೆನೆಂದರು. ನಮ್ಮ ಲಾಯದ ಸೈಸ್‌ಗಳ ಮನೆಯವರಾರೂ ಅದುವರೆಗೆ ಜಾಕಿಯ ರೇಷ್ಮೆ ಅಂಗಿ ತೊಟ್ಟಿರಲಿಲ್ಲ. ಆದರೆ ಪಂದ್ಯದಲ್ಲಿ ಪ್ರತಿ ಕುದುರೆ ಇಷ್ಟೇ ಭಾರ ಹೊರಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಆ ಲೆಕ್ಕಕ್ಕೆ ಮಾದ ಎಂಟು ಪೌಂಡ್ ಹೆಚ್ಚಿದ್ದ. ಉಳಿದದ್ದು ಮೂರು ವಾರ.

ಹೇಗೆ ಇಳಿಸಬೇಕೆಂದು ದೊರೆ ಹೇಳಲಿಲ್ಲ. ದಾರಿ ಹುಡುಕಿದವನು ನಾನು. ಪಂದ್ಯದ ಮುಂಚೆ ಕುದುರೆಯ ಹೊಟ್ಟೆ ಕರಗಿಸಲು ಒಣಹುಲ್ಲು ಕಡಿಮೆ ಮಾಡಿ ಹುರುಳಿ ಹೆಚ್ಚಿಸುತ್ತೇವೆ. ದೊರೆಸಾನಿ ಬ್ರೆಡ್ಡು, ಆಲೂಗೆಡ್ಡೆ, ಸಕ್ಕರೆ ಬಿಟ್ಟು ಬರೀ ಮಾಂಸ, ಮೊಟ್ಟೆ ತಿಂದು ತೆಳ್ಳಗಾಗಿದ್ದಾರೆಂದು ಬಟ್ಲರ್ ಹೇಳಿದ್ದ. ಎರಡನ್ನೂ ಜೋಡಿಸಿಕೊಂಡೆ. ರಾಗಿಹಿಟ್ಟಿನ ಮುದ್ದೆ ಬೇಡ, ಅನ್ನ ಬೇಡ, ಬೆಲ್ಲ ಬೇಡವೇ ಬೇಡ. ಮಾಂಸ, ಮೊಟ್ಟೆ, ಒಂದಿಷ್ಟು ಸೊಪ್ಪು.

ಮೊದಲ ವಾರದಲ್ಲೇ ಐದು ಪೌಂಡ್ ಇಳಿಯಿತು. ನಾನು ಲಾಯದ ತುಂಬ ಹೇಳಿಕೊಂಡು ತಿರುಗಿದೆ. ಆಮೇಲೆ ತಕ್ಕಡಿಯ ಮುಳ್ಳು ಅಲ್ಲೇ ನಿಂತಿತು. ನಾನು ಸೊಪ್ಪನ್ನೂ ನೀರನ್ನೂ ಕಡಿಮೆ ಮಾಡಿದೆ.

"ಅಣ್ಣ, ಒಂದ್ ತುತ್ತು ರಾಗಿಟ್ಟು ಕೊಡು. ಮೊಟ್ಟೆ ಕಂಡ್ರ ಈಗ ಕೋಳಿ ಮ್ಯಾಲೇ ಸಿಟ್ಟು ಬತ್ತದ."

"ರೇಸ್ ಮುಗೀಲಿ ಕಣ್ಲಾ. ಆಮೇಲೆ ಮಡಕೆನೇ ತಿನ್ನು."

"ಮಡಕೆ ತಿನ್ನಕ್ಕೂ ಹಲ್ಲಲ್ಲಿ ಕಸುವು ಬೇಕಲ್ಲ."

ನಗುತ್ತಿದ್ದ, ಆದರೆ ಸೊರಗುತ್ತಿದ್ದ. ಮಲ ಕಟ್ಟಿತು. ಕಾಲಿನ ಮೀನಖಂಡ ಹಿಡಿದುಕೊಂಡು ನರಳುತ್ತಿದ್ದ. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಪಕ್ಕದ ಲಾಯದ ಸೈಸ್ ಒಬ್ಬ, "ನಿನ್ ತಮ್ಮ ಮಾತಾಡುದ್ರ ನೊಣ ಕೂರ್ತವ ಕಣಯ್ಯ" ಎಂದು ಅಣಕಿಸಿದ. ಕುದುರೆಯ ಲದ್ದಿ ಒಂದು ದಿನ ಗಟ್ಟಿಯಾದರೂ ನಾನು ಪಶುವೈದ್ಯರ ಮನೆಗೆ ಓಡುತ್ತಿದ್ದವನು. ತಮ್ಮನ ವಿಷಯದಲ್ಲಿ ನಾನು ನೋಡುತ್ತಿದ್ದದ್ದು ತಕ್ಕಡಿಯ ಮುಳ್ಳನ್ನು ಮಾತ್ರ.

ಪಂದ್ಯದ ದಿನ ತೂಕ ಸರಿಹೋಯಿತು. ಜೀನಿನ ಮೇಲೆ ಹತ್ತಿಸುವಾಗ ಮಾದ ನನ್ನ ಭುಜ ಹಿಡಿದುಕೊಂಡ.

"ಅಣ್ಣ, ಕಣ್ಗ ಕತ್ಲ ಬತ್ತಾ ಅದ."

ಅಷ್ಟರಲ್ಲಿ ದೊರೆ ಬಂದರು. ಅವನ ಬಿಳುಚಿದ ಮುಖ ನೋಡಿ, ಹುಡುಗ ಸರಿಯಾಗಿದ್ದಾನಾ ಎಂದು ನನ್ನನ್ನೇ ಕೇಳಿದರು. ಇಲ್ಲ ಅಂದಿದ್ದರೆ ಬೇರೆ ಜಾಕಿ ಸಿದ್ಧನಿದ್ದ.

"ಸರಿಯಾಗವ್ನ ಬುದ್ಧಿ," ಅಂದೆ.

ಮಾದ ನನ್ನ ಮುಖ ನೋಡಿದ. ಲಗಾಮು ಹಿಡಿದ.

ಕೊನೆಯ ತಿರುವಿನವರೆಗೂ ಅವನು ಮೂರನೆಯವನಾಗಿದ್ದ. ನಾನು ಬೇಲಿಗೆ ಆತುಕೊಂಡು ನೋಡುತ್ತಿದ್ದೆ. ಕುದುರೆ ಒಂದು ಹೆಜ್ಜೆಯೂ ತಪ್ಪಲಿಲ್ಲ. ಅವನೇ ಗೋಣಿಚೀಲದ ಹಾಗೆ ಪಕ್ಕಕ್ಕೆ ಜಾರಿ ಬಿದ್ದ. ಹಿಂದಿನ ಕುದುರೆಯ ಗೊರಸು ಅವನ ಮೊಣಕಾಲಿನ ಮೇಲೆ ಬಿತ್ತು. ದೂರದಿಂದ ತಿರುವು ಕಾಣದೆ, ಏನಾಯಿತೆಂದು ದೊರೆ ಕೂಗಿ ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಕುದುರೆ ಮುಗ್ಗರಿಸ್ತು ಬುದ್ಧಿ."

ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಡಾಕ್ಟರೊಬ್ಬರು ಅವನ ಬಾಯಿ ಮೂಸಿ, ನನ್ನನ್ನು ಹೊರಗೆ ಕರೆದು, ಏನು ತಿನ್ನಿಸುತ್ತಿದ್ದೆ ಎಂದರು. ಅವರಿಗೆ ಎಲ್ಲ ಹೇಳಿದೆ.

"ಮೊದಲ ವಾರ ಇಳಿದದ್ದು ಹೆಚ್ಚಾಗಿ ನೀರು ಕಣಪ್ಪ," ಎಂದರು. "ಧಾನ್ಯ ಬಿಟ್ಟರೆ ಮೈ ನೀರು ಬಿಡುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಅದರ ಮೇಲೆ ನೀರನ್ನೂ ಕಡಿಮೆ ಮಾಡಿದ್ದೀಯ. ತಲೆ ಸುತ್ತದೆ ಇನ್ನೇನಾಗುತ್ತದೆ? ನಿನ್ನ ತಮ್ಮನಿಗೆ ಇದನ್ನು ನೀನೇ ಹೇಳು."

ನಾನು ಹೇಳಲಿಲ್ಲ. ಮಾದನಿಗೆ ಬಿದ್ದ ಗಳಿಗೆಯ ನೆನಪೇ ಇರಲಿಲ್ಲ. ಮುಗ್ಗರಿಸುವ ಕುದುರೆ ಎಂಬ ಹೆಸರು ಹೊತ್ತ ಆ ಹೆಣ್ಣುಕುದುರೆಯನ್ನು ಜಟಕಾದವನಿಗೆ ಮಾರಿದರು. ಮಾದ ಮಡಚಲಾಗದ ಕಾಲಿನೊಂದಿಗೆ ಮಸಿನಗುಡಿಗೆ ಇಳಿದು ಎಮ್ಮೆ ಕಟ್ಟಿಕೊಂಡ.

ಆಮೇಲೆ ತೂಕ ಇಳಿಸಬೇಕೆಂದು ನನ್ನ ಬಳಿ ಬಂದ ಸವಾರರಿಗೆಲ್ಲ ಮೊದಲು ಊಟ ಹಾಕಿದೆ. ತಲೆ ಸುತ್ತುತ್ತದೆ ಅಂದವನನ್ನು ಹತ್ತಿಸಲು ಬಿಡಲಿಲ್ಲ. ಅದಕ್ಕಾಗಿ ಎರಡು ಲಾಯ ಬಿಡಬೇಕಾಯಿತು. ಬಾಯಿಲ್ಲದ ಪ್ರಾಣಿಯ ನೋವನ್ನು ಕಿವಿ, ಕಣ್ಣು, ಚರ್ಮ ನೋಡಿ ತಿಳಿಯುವುದೇ ನನ್ನ ಕೆಲಸ. ತಮ್ಮ ಬಾಯಿಬಿಟ್ಟೇ ಹೇಳಿದ್ದ.

ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕಾಲು ಚಾಚಿ ಕೂತು, ಘಾಟಿಯ ಕಡೆ ನೋಡುತ್ತ ಅವನೇ ಆ ಮಾತು ತೆಗೆದ.

"ಆ ಕುದುರ ಮ್ಯಾಲ ನಂಗ ಒಂದಿನವೂ ಸಿಟ್ಟು ಬರ್ನಿಲ್ಲ ಕಣಣ್ಣ. ಪಾಪ, ಅದ್ ತಾನೆ ಯಾನ ಮಾಡ್ತದ? ಕಾಲ್ಗ ಕಲ್ಲು ಸಿಕ್ಕಿರ್ಬೇಕು."

ಆಗಲೂ ನಾನು ನಿಜ ಹೇಳಲಿಲ್ಲ. ಅವನಿಗೆ ಓದು ಬಾರದು, ಅವನ ಮಗಳಿಗೆ ಬರುತ್ತದೆ. ಬರೆದಿಟ್ಟ ಇದನ್ನು ಅವಳ ಕೈಗೆ ಕೊಟ್ಟು, ಅವಳು ಅವನಿಗೆ ಓದಿ ಹೇಳುವಾಗ ನಾನೂ ಎದುರಿಗೇ ಕೂರುತ್ತೇನೆ.