ಹೊರಗಿನವರಿಗೊಂದು ಎಡೆ

ನನ್ನ ಮೊದಲ ಗಂಡ ಬಿಂಡಿಗನವಿಲೆಯಲ್ಲಿ ಕುರಿ ಸಾಕಿದ್ದರು, ಆದರೆ ಬಾಡು ಮುಟ್ಟುತ್ತಿರಲಿಲ್ಲ. ಕೈಯಾರೆ ಮೇಯಿಸಿದ್ದನ್ನು ಬಾಯಿಗಿಡುವುದು ಹೇಗೆ ಅನ್ನುವುದು ಅವರ ವಾದ. ಊರಿನವರು ಆಡಿಕೊಂಡು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ ಇದ್ದರೆ ಅವರಿಗೆ ಅದೇ ಹಬ್ಬ. ಒಂದು ದಿನ ಸಂತೆಬಾಚಹಳ್ಳಿ ಸಂತೆಗೆ ಕುರಿ ತುಂಬಿಕೊಂಡು ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಮಗೆ ಮಕ್ಕಳಿರಲಿಲ್ಲ. ಅವರ ತಂದೆತಾಯಿ ಮೊದಲೇ ಹೋಗಿದ್ದರು, ಒಡಹುಟ್ಟಿದವರೂ ಇಲ್ಲ. ನಾನು ಪಾಂಡವಪುರದ ಅಕ್ಕನ ಮನೆ ಸೇರಿಕೊಂಡು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗತೊಡಗಿದೆ. ಆ ಮೆಷಿನ್ನುಗಳ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುತ್ತಿರಲಿಲ್ಲ, ಅದೊಂದು ಅನುಕೂಲ. ಸಮಾಧಾನ ಹೇಳಲು ಬಂದ ಒಬ್ಬಿಬ್ಬರ ಮೇಲೆ ಕೂಗಾಡಿದ್ದೂ ಉಂಟು. ಪಿತೃಪಕ್ಷದ ಅಮಾವಾಸ್ಯೆಗೆ ಮಾತ್ರ ಅಕ್ಕನ ಮನೆಯ ಹಿತ್ತಿಲಲ್ಲಿ ಎಲೆ ಹಾಕಿ, ಬಸ್ಸಾರು ಮಾಡಿ, ತಪ್ಪದೆ ಅವರಿಗೆ ಎಡೆ ಇಡುತ್ತಿದ್ದೆ. ನಾನಿಡದಿದ್ದರೆ ಇಡುವವರು ಇನ್ಯಾರೂ ಇರಲಿಲ್ಲ.

ಆಮೇಲೆ ಅಕ್ಕನ ಒತ್ತಾಯಕ್ಕೆ ಇನ್ನೊಂದು ಮದುವೆಯಾಯಿತು. ಇವರು ಬಾಬುರಾಯನಕೊಪ್ಪಲಿನವರು, ಲೈನ್‌ಮನ್. ಇವರ ಹೆಂಡತಿ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದರು. ಮಾತು ಕಡಿಮೆ; ಕಂಬ ಹತ್ತಿ ಹತ್ತಿ ಕಂಬವೇ ಆಗಿದ್ದಾರೆ ಎಂದು ಅಕ್ಕನ ಹತ್ತಿರ ದೂರಿದ್ದೆ. ಒಂದೇ ಮನೆಯಲ್ಲಿದ್ದೆವು, ಅಷ್ಟೇ. ಬೈಕಿನಲ್ಲಿ ಹೋಗುವಾಗ ಹಿಂದೆ ಕೂತು ನಾನೊಬ್ಬಳೇ ಬಡಬಡಿಸುತ್ತಿದ್ದೆ. ಇವರ ಕಿವಿಗೆ ಬೀಳುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಆ ಮನೆಯಲ್ಲಿ ನನ್ನ ಮೊದಲ ಪಿತೃಪಕ್ಷ ಬಂತು. ನಾನು ಎಡೆಯ ಮಾತೆತ್ತುವ ಮೊದಲೇ ಅತ್ತೆ ಹಿಟ್ಟು ಜರಡಿ ಹಿಡಿಯುತ್ತಾ, "ಬ್ಯಾರೆ ಮನೆ ಸತ್ತೋರ್ನ ನಮ್ಮನೆಗೆ ಕರೆಯಂಗಿಲ್ಲ ಕಣವ್ವ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಡೆದುಬಂದ ಪದ್ಧತಿ ಹೇಳಿದ್ದು. ಆದರೂ ನನಗೆ ಮೈಯೆಲ್ಲ ಉರಿಯಿತು. ಈ ವರ್ಷ ನನ್ನ ಮೊದಲ ಗಂಡ ಹಸಿದುಕೊಂಡೇ ಹೋಗುತ್ತಾರಲ್ಲ ಅನ್ನಿಸಿತು. ಇಂಥದ್ದನ್ನೆಲ್ಲ ನಾನು ನಂಬುತ್ತೇನೋ ಇಲ್ಲವೋ, ನನಗೇ ಗೊತ್ತಿರಲಿಲ್ಲ.

ಹಬ್ಬದ ಹಿಂದಿನ ಸಂಜೆ ಇವರು ಒಂದು ಪೊಟ್ಟಣ ಹುರುಳಿಕಾಳು ತಂದು, ನೆನೆಹಾಕು ಎಂದರು. ಯಾಕೆಂದು ಕೇಳಿದೆ. ಇವರು ಆಗಲೇ ಕೈಕಾಲು ತೊಳೆಯಲು ಹಿತ್ತಿಲಿಗೆ ನಡೆದಿದ್ದರು.

ಮರುದಿನ ಮಾವನ ಫೋಟೊ, ಇವರ ಮೊದಲ ಹೆಂಡತಿಯ ಫೋಟೊ ಇಟ್ಟು, ಮುಂದೆ ಎಲೆ ಹಾಕಿ ಅತ್ತೆ ಬಡಿಸುತ್ತಿದ್ದರು. ಇವರು ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ ನನ್ನ ಕಡೆ ತಿರುಗಿ, "ಅವ್ರ ಪೋಟ ತಕ್ಕಂಬಾ" ಅಂದರು. ಟ್ರಂಕಿನ ತಳದಿಂದ ತೆಗೆದು ತಂದೆ. ಅತ್ತೆ ಬಾಡಿನ ಸೌಟು ಹಿಡಿದು ನಿಂತೇ ಇದ್ದರು. ಈಗ ಬೈಗುಳ ಶುರುವಾಗುತ್ತದೆ ಎಂದು ಕಾದೆ. ಇವರು ತಾಯಿಗೆ ಹೇಳಿದ್ದು ಇಷ್ಟೇ: "ಆ ಎಲೆಗೆ ಬಾಡು ಬಡಿಸ್ಬ್ಯಾಡವ್ವ. ಅವ್ರು ತಿನ್ನಾಕಿಲ್ಲ."

ಯಾವತ್ತೋ ಬೈಕಿನ ಹಿಂದೆ ಕೂತು ನಾನು ಆಡಿದ ಮಾತದು. ಆ ಹುರುಳಿಕಾಳಿನ ಬಸ್ಸಾರು ಬಡಿಸುವಾಗ ಕಣ್ಣು ತುಂಬಿ ನನಗೆ ಎಲೆಯೇ ಕಾಣಲಿಲ್ಲ. ಅವರು ಹೋದ ದುಃಖ ಹೊಸದಾಗಿ ಬಂತು. ಅದರ ಜೊತೆಗೇ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತು. ಎರಡನ್ನೂ ಬೇರೆ ಬೇರೆ ಮಾಡಲು ಇವತ್ತಿಗೂ ನನ್ನಿಂದಾಗಿಲ್ಲ.

ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಮೂವರೂ ಜಗಲಿಗೆ ಬಂದು ಕೂತೆವು. ಅತ್ತೆ ಮುಖ ಗಂಟಿಕ್ಕಿಕೊಂಡು ರಸ್ತೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ನೋಡದೆಯೇ, ಅವರದು ಯಾವ ಊರು ಎಂದು ಕೇಳಿದರು. ಹೇಳಿದೆ.

ಅಷ್ಟರಲ್ಲಿ ಬಾಗಿಲು ತೆಗೆಯಲು ಇವರು ಎದ್ದರು. ಅತ್ತೆ ಮಗನ ಪಂಚೆ ಹಿಡಿದು ಕೂರಿಸಿದರು.

"ತಡೀಲಾ," ಅಂದರು. "ಬಿಂಡಿಗನವಿಲೆಯಿಂದ ಬರ್ಬೇಕು. ದೂರ ಆಯ್ತದೆ."