ಎಣ್ಣೆಯಿಲ್ಲದ ಜಡೆ, ಸುಡದ ಗಾಜು

ಗಾಜು ಸುಡಲಿಲ್ಲ! ನಮ್ಮ ಮೊಮ್ಮಗಳ ಗಾಜು ಸುಡಲಿಲ್ಲ. ಆ ದಿನ ಮಧ್ಯಾಹ್ನ ಗಂಜಿಗೆ ಕುಳಿತಿದ್ದಾಗ ಫೋನು ಬಡಿದುಕೊಂಡಿತು. ಬಲಗೈ ಎಂಜಲು, ಎಡಗೈಯಲ್ಲಿ ಎತ್ತಿದೆ. "ಅಜ್ಜ, ಪಾಸಾಯ್ತು! ಒಂದು ಚುಕ್ಕೆಯೂ ಇಲ್ಲ" ಎಂದಳು. ಕೈ ತೊಳೆದವನೇ ಚಪ್ಪಲಿ ಹಾಕುವುದನ್ನೂ ಮರೆತು ಶಿರ್ತಾಡಿ ಪೇಟೆಯವರೆಗೆ ನಡೆದು ಸಿಕ್ಕಿದವರಿಗೆಲ್ಲ ಹೇಳಿದೆ. ಅರ್ಧ ಜನರಿಗೆ ಪಾಸಾದದ್ದು ಯಾರು ಎಂದೇ ತಿಳಿಯಲಿಲ್ಲ. ಅದಕ್ಕೇ ಇಲ್ಲಿ ಸರಿಯಾಗಿ ಬರೆಯುತ್ತೇನೆ.

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮೊಮ್ಮಗಳು ನಮ್ಮ ಜೊತೆಗೇ ಇದ್ದು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮೂಡುಬಿದಿರೆ ಕಡೆಯ ಒಂದು ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿನ ಪ್ರಯೋಗಶಾಲೆಯಲ್ಲಿ ಅವಳ ಕೆಲಸ ಗಾಜು ಸುಡುವುದು. ಗಾಜೆಂದರೆ ರೂಪಾಯಿ ನಾಣ್ಯದಷ್ಟು ಅಗಲದ್ದು, ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪ. ಅಂಥದೇ ಗಾಜು ಉಪಗ್ರಹದೊಳಗೆ ಕುಳಿತು ಲೇಸರ್ ಬೆಳಕನ್ನು ಭೂಮಿಗೆ ದಾಟಿಸಬೇಕು. ಆ ಬೆಳಕಿಗೆ ಗಾಜೇ ಸುಟ್ಟರೆ? ಮೇಲೆ ಹೋಗಿ ಒರೆಸುವವರು ಯಾರೂ ಇಲ್ಲ. ಆದ್ದರಿಂದ ಇಲ್ಲೇ ಬೆಳಕು ಬಿಟ್ಟು, ಸ್ವಲ್ಪ ಸ್ವಲ್ಪವೇ ಜೋರು ಮಾಡುತ್ತಾ, ಎಲ್ಲಿಯವರೆಗೆ ತಾಳುತ್ತದೆ ಎಂದು ನೋಡುತ್ತಾರೆ.

ನಮ್ಮ ಪಕ್ಕದ ಅಂಗಡಿಯ ಬ್ಯಾರಿ ಸಾಹುಕಾರರು ನನ್ನ ಹಳೆಯ ದೋಸ್ತಿ. ಅವರಿಗೆ ಇದು ದಿನದ ತಮಾಷೆ. "ಗಾಜು ಸುಡ್ಲಿಕ್ಕೆ ಇಷ್ಟೆಲ್ಲ ಕಲಿಯಬೇಕಾ ಮಾರಾಯ್ರೆ? ಬತ್ತಿ ಎತ್ತರ ಮಾಡಿದ್ರೆ ನನ್ನ ಲಾಟಾನಿನ ಗಾಜು ಪುಕ್ಕಟೆ ಸುಡ್ತದೆ!"

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಅವಳ ಕೆಲಸ ನನಗೆ ಬೇಗ ಹತ್ತಿರವಾಯಿತು. ಪ್ರಾಯದಲ್ಲಿ ನಾನು ಪಾಣೆಮಂಗಳೂರಿನ ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ದುಡಿದವನು. ಹೆಂಚು ಸುಡುವ ಪ್ರತಿ ಗೂಡಿನಿಂದ ಕೆಲವನ್ನು ಬೇರೆ ತೆಗೆದು, ಅಡ್ಡ ಇಟ್ಟು, ತುಂಡಾಗುವವರೆಗೆ ಭಾರ ಹೇರುತ್ತಿದ್ದೆವು. ತುಂಡಾದದ್ದು ಯಾರ ಮನೆಯ ಮಾಡಿಗೂ ಏರುವುದಿಲ್ಲ. ಆದರೆ ಅದರ ಜೊತೆ ಬೆಂದ ಹೆಂಚುಗಳ ಕೆಳಗೆ ಯಾರೋ ಮಕ್ಕಳನ್ನು ಮಲಗಿಸುತ್ತಾರೆ. ಇವಳ ಗಾಜಿನ ಕತೆಯೂ ಅದೇ. ಒಂದೇ ಸಲ ಲೇಪ ಹಾಕಿದ ಅಣ್ಣತಮ್ಮಂದಿರು; ತಮ್ಮಂದಿರು ಇಲ್ಲಿ ಬೆಳಕಿಗೆ ಮೈಯೊಡ್ಡುತ್ತಾರೆ, ಅಣ್ಣ ಮೇಲೆ ಹೋಗುತ್ತಾನೆ. ಈ ತಮ್ಮಂದಿರ ಹೆಸರು ಎಲ್ಲೂ ಬರುವುದಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಆ ಮಳೆಗಾಲ ಕಳೆದ ಮೇಲೆ ಅವಳ ಮುಖ ಬಾಡತೊಡಗಿತು. ಬರೀ ಗಾಳಿಯಲ್ಲಿ ಇಟ್ಟರೆ ಗಾಜು ಚೆನ್ನಾಗಿ ತಾಳುತ್ತಿತ್ತು. ಮೇಲೆ ಗಾಳಿ ಇಲ್ಲವಲ್ಲ, ಹಾಗಾಗಿ ಗಾಳಿ ಹೀರಿ ತೆಗೆದ ಉಕ್ಕಿನ ಪಾತ್ರೆಯೊಳಗೂ ಇಟ್ಟು ನೋಡಬೇಕು. ಅಲ್ಲಿ ಮಾತ್ರ ಸಣ್ಣ ಬೆಳಕಿಗೇ ಕಪ್ಪು ಚುಕ್ಕೆ. ಲೇಪವೇ ಸರಿಯಿಲ್ಲ ಎಂದರು ಅವಳ ಮೇಷ್ಟ್ರು. ಉಳಿದದ್ದು ಒಂದೇ ತಮ್ಮ. ಅದೂ ಕಪ್ಪಾದರೆ ಅಣ್ಣನನ್ನೂ ಮೂಲೆಗೆ ಹಾಕುತ್ತಾರೆ, ಇವಳು ವರ್ಷಗಟ್ಟಲೆ ಮಾಡಿದ ಕೆಲಸವೂ ಅದರ ಜೊತೆ ಹೋಯಿತು.

ಒಂದು ಸಂಜೆ ಚಾವಡಿಯ ಬೆಂಚಿನಲ್ಲಿ ಗೋಡೆಗೆ ತಲೆ ಒರಗಿಸಿ ಸುಮ್ಮನೆ ಕುಳಿತಿದ್ದಳು. ಚಾ ಕುಡಿಯಲು ಎದ್ದವಳು ತಿರುಗಿ ಗೋಡೆಯನ್ನೇ ನೋಡುತ್ತಾ ನಿಂತುಬಿಟ್ಟಳು.

"ಅಜ್ಜ, ಈ ಕಪ್ಪು ಕಲೆ ಎಂತದು?"

"ನಿನ್ನದೇ ತಲೆಯದ್ದು ಮಗಾ. ಸಣ್ಣದಿರುವಾಗಿಂದ ಅಲ್ಲೇ ಒರಗಿ ಓದಿದ್ದಲ್ವಾ? ಎಷ್ಟು ಸುಣ್ಣ ಬಳಿದ್ರೂ ಮತ್ತೆ ಮೇಲೆ ಬರ್ತದೆ."

ಅವಳು ಕಲೆಯನ್ನು ಬೆರಳಿನಿಂದ ಸವರಿದಳು, ಬೆರಳನ್ನು ಮೂಸಿದಳು. ಆಮೇಲೆ ತನ್ನ ಜಡೆ ಮುಟ್ಟಿಕೊಂಡಳು. "ಅಯ್ಯೋ ದೇವರೇ! ಲ್ಯಾಬಿನಲ್ಲಿ ತಲೆಯ ಟೊಪ್ಪಿ ಸರಿ ಮಾಡಿದ ಗ್ಲೌಸಿನಲ್ಲೇ ನಾನು ಗಾಜಿನ ಹಿಡಿಕೆ ಮುಟ್ಟುದು!"

ದಿನಾ ಬೆಳಿಗ್ಗೆ ಅವಳ ತಲೆಗೆ ಕೈತುಂಬ ತೆಂಗಿನೆಣ್ಣೆ ತಟ್ಟಿ ಜಡೆ ಹೆಣೆಯುವುದು ನನ್ನ ಹೆಂಡತಿಯ ನೇಮ. ಎಣ್ಣೆ ಹಾಕದೆ ಹೆಣ್ಣುಮಗು ಹೊಸ್ತಿಲು ದಾಟುವ ಹಾಗಿಲ್ಲ. ಗಾಳಿಯಿದ್ದರೆ ಎಣ್ಣೆಯ ಪಸೆ ಬೆಳಕಿಗೆ ಸುಟ್ಟು ಹಾರಿಹೋಗುತ್ತದಂತೆ. ಗಾಳಿಯಿಲ್ಲದ ಪಾತ್ರೆಯಲ್ಲಿ ಅದರ ಹಬೆ, ಬೆಳಕು ಬಿದ್ದ ಜಾಗದಲ್ಲೇ ಕುಳಿತು ಕರಿಯಾಗುತ್ತದಂತೆ. "ಹೌದೋ ಅಲ್ವೋ ಗೊತ್ತಿಲ್ಲ. ಆದ್ರೆ ನೋಡಲೇಬೇಕು" ಎಂದಳು.

ಮೇಷ್ಟ್ರು ಒಪ್ಪಿದರು. ಪಾತ್ರೆಯನ್ನು ತಿಕ್ಕಿ, ಬಿಸಿ ಮಾಡಿ, ಒಣಗಿಸಲು ವಾರಗಳೇ ಬೇಕಾದವು. ಅಷ್ಟೂ ದಿನ ಇವಳ ತಲೆಗೆ ಸೀಗೆಪುಡಿ ಮಾತ್ರ. ನನ್ನ ಹೆಂಡತಿ ಎಣ್ಣೆಯ ಗಿಂಡಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಒಂದು ಹನಿ, ನೆತ್ತಿಗೆ ಮಾತ್ರ. ಯಾರಿಗೂ ಗೊತ್ತಾಗುದಿಲ್ಲ."

"ಗಾಜಿಗೆ ಗೊತ್ತಾಗ್ತದೆ ಅಜ್ಜಿ."

"ತಲೆ ಗುಬ್ಬಿಗೂಡಿನ ಹಾಗೆ ಉಂಟು! ಬಸ್ಸಿನಲ್ಲಿ ನೋಡಿದವರು ಎಂತ ಹೇಳ್ಬೇಕು? ನಿನ್ನ ಅಜ್ಜಿ ಸತ್ತಿದ್ದಾಳೆ ಅಂತ ಹೇಳ್ತಾರೆ."

ಇಬ್ಬರೂ ನಕ್ಕರು. ಬಸ್ಸು ಹೋದ ಮೇಲೆ ನನ್ನ ಹೆಂಡತಿ ಗಿಂಡಿಯನ್ನು ಒಳಗೆ ಇಟ್ಟು, ಆ ಕೈಗೆ ಬೇರೆ ಕೆಲಸ ಕಾಣದೆ, ಒರೆಸಿದ ಬೆಂಚನ್ನೇ ಮತ್ತೆ ಒರೆಸುತ್ತಿದ್ದಳು. ಒಂದು ಗಾಜಿಗಾಗಿ ಇಷ್ಟೆಲ್ಲವಾ ಎಂದು ನನಗೂ ಒಮ್ಮೊಮ್ಮೆ ಅನಿಸುತ್ತಿತ್ತು. ಆದರೆ ತಟ್ಟೆಗೆ ಏನು ಬಡಿಸಿದರೂ ತುಟಿಗಿಡದೆ ಕುಳಿತಿರುತ್ತಿದ್ದ ಆ ಮಗುವಿನ ಮುಖ ನೋಡಿ ಸುಮ್ಮನಾಗುತ್ತಿದ್ದೆ.

ಕಡೆಯ ತಮ್ಮನನ್ನು ಪಾತ್ರೆಗೆ ಇಟ್ಟ ದಿನವೇ ಆ ಫೋನು ಬಂದದ್ದು. ಬೆಳಕನ್ನು ಬೇಕಾದಷ್ಟಕ್ಕಿಂತಲೂ ಜೋರು ಮಾಡಿದರಂತೆ, ಗಾಜು ಮಿಸುಕಲಿಲ್ಲವಂತೆ.

ಸಂಜೆ ಬಸ್ಸಿಳಿದು ಬಂದವಳು ಚೀಲವನ್ನೂ ಇಳಿಸದೆ ಅಜ್ಜಿಯ ಮುಂದೆ ನೆಲಕ್ಕೆ ಕುಳಿತಳು. "ಹಾಕಿ ಅಜ್ಜಿ. ನಾಳೆ ರಜೆ, ಗಾಜೂ ಇಲ್ಲ ಎಂತದೂ ಇಲ್ಲ." ನನ್ನ ಹೆಂಡತಿ ಗಿಂಡಿ ತಂದಳು. ವಾರಗಳ ಎಣ್ಣೆಯನ್ನೆಲ್ಲ ಒಂದೇ ಸಲಕ್ಕೆ ಸುರಿದಳು. ಹಣೆಯಿಂದ ಇಳಿದದ್ದನ್ನು ಸೆರಗಿನಿಂದ ಒರೆಸಿದಳು.

ಬೆಳ್ತಂಗಡಿಯಲ್ಲಿ ಹೋಟೆಲು ನಡೆಸುವ ಮಗ, ಇವಳ ಅಪ್ಪ, ಬಾಗಿಲು ಬೇಗ ಎಳೆದು ಸೊಸೆಯನ್ನೂ ಕರೆದುಕೊಂಡು ಬಂದ. ಬ್ಯಾರಿ ಸಾಹುಕಾರರು ಮೈಸೂರುಪಾಕಿನ ಪೊಟ್ಟಣ ಕೊಟ್ಟು, "ಲಾಟಾನಿನ ಗಾಜು ಒಂದು ಉಂಟು, ಅದನ್ನೂ ಪಾಸು ಮಾಡಿಸಿ ಕೊಡಿ" ಎಂದು ಹೇಳಿಯೇ ಹೋದರು. ಚಾವಡಿಯಲ್ಲಿ ಎಲ್ಲರೂ ಸಾಲಾಗಿ ಕುಳಿತು ಕೋಳಿಸಾರಿಗೆ ಕೋರಿರೊಟ್ಟಿ ಮುರಿದೆವು. ಮೊಮ್ಮಗಳು ಬೆಂಚಿನ ಮೇಲೆ ತಟ್ಟೆಯಿಟ್ಟುಕೊಂಡು ತನ್ನ ಹಳೆಯ ಜಾಗದಲ್ಲಿ ಗೋಡೆಗೆ ಒರಗಿ, ಎರಡನೇ ಸಲ ಸಾರು ಬಡಿಸಿಕೊಂಡಳು. ಗೋಡೆಗೆ ಎಣ್ಣೆ ಇಳಿಯುತ್ತಿತ್ತು. ಯಾರೂ ಅವಳನ್ನು ಏಳಿಸಲಿಲ್ಲ.